ಭಜನೆಯ ಮೈಕಿನ ಮುಂದೆ ಬೇಸ್ ಗಿಟಾರು

ನಮ್ಮ ಯಜಮಾನರ ಕಿವಿಯಿಂದ ಮೊದಲು ಜಾರಿಹೋದ ಅಕ್ಷರ ಸಕಾರ. ಅದರ ಹಿಂದೆಯೇ ಶಕಾರವೂ ಷಕಾರವೂ ಹೋದವು. ಈ ಮೂರರ ವ್ಯತ್ಯಾಸವನ್ನು ಮಕ್ಕಳ ನಾಲಿಗೆಯ ಮೇಲೆ ಕೂರಿಸುವುದಕ್ಕಾಗಿ ಪ್ರೌಢಶಾಲೆಯಲ್ಲಿ ನನ್ನ ಪ್ರಾಯವೆಲ್ಲ ಸವೆದಿತ್ತು. ಈಗ ನನ್ನ ಮನೆಯೊಳಗೇ ಮೂರಕ್ಕೂ ಬೆಲೆಯಿಲ್ಲದಂತಾಯಿತು. ಊಟಕ್ಕೆ ಕುಳಿತವರಿಗೆ "ಸಾರು ಬಡಸ್ಲೇನ್ರಿ?" ಎಂದು ಕೇಳಿದರೆ, "ಯಾರು ಬಡದ್ರು?" ಎಂದು ಅವರು ಗಾಬರಿಯಿಂದ ತಲೆಯೆತ್ತುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಾನು ಏನನ್ನೂ ಕೇಳದೆ ಬಡಿಸತೊಡಗಿದೆ.

ಅವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಯಂತ್ರದ ಪಕ್ಕ ನಿಂತು ದುಡಿದವರು. ಕಿವಿಗೆ ಹಾಕಿಕೊಳ್ಳಲೆಂದು ಕೊಟ್ಟ ಬಿರಡೆಗಳನ್ನು ಜೇಬಿನಲ್ಲಿಟ್ಟುಕೊಂಡೇ ಅಷ್ಟೂ ವರ್ಷ ಕಳೆದರು. ಯಂತ್ರದ ಸದ್ದು ಬದಲಾದರೆ ತಮಗೆ ತಿಳಿಯಬೇಕು ಎನ್ನುವುದು ಅವರ ವಾದ. ಹುಬ್ಬಳ್ಳಿಯ ಕಿವಿಯ ಡಾಕ್ಟರು ಪರೀಕ್ಷೆ ಮುಗಿಸಿ, "ತೆಳ್ಳನ ಧ್ವನಿ ಮದ್ಲ ಹೋಗ್ತಾವ್ರಿ, ದಪ್ಪ ಧ್ವನಿ ಕಡೀಕ. ಮನ್ಯಾಗೂ ಏನರ ದೊಡ್ಡ ಸಪ್ಪಳದ ಕೆಲಸ ಐತೇನು?" ಎಂದು ಕೇಳಿದರು. ಯಜಮಾನರಿಗೆ ಪ್ರಶ್ನೆ ಪೂರ್ತಿ ಕೇಳಿಸಿರಲಿಲ್ಲ. ನಾನೇ ಉತ್ತರಿಸಿದೆ: "ಬೇಸ್ ಗಿಟಾರ್ ಬಾರಸ್ತಾರ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ವಯಸ್ಸಿನ್ಯಾಗ?"

"ಹರೇದ ವಯಸ್ಸಿನಿಂದನೂ" ಎಂದೆ.

ಉಳಿದ ಕಿವಿಯನ್ನಾದರೂ ಉಳಿಸಿಕೊಳ್ಳಬೇಕಾದರೆ ಗಿಟಾರು ಬಿಡಬೇಕೆಂದು ಡಾಕ್ಟರು ಬರೆದೇ ಕೊಟ್ಟರು. ದಾಂಡೇಲಿಗೆ ಮರಳುವ ಬಸ್ಸು ಹಳಿಯಾಳ ದಾಟಿತು. ತಿರುವುಗಳು ಶುರುವಾದ ಮೇಲೆ ಯಜಮಾನರು ನನ್ನ ಕಡೆ ತಿರುಗಿ, ತಮಗೆ ಕೇಳಲೆಂದೋ ಏನೋ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ಇಡ್ತೇನಿ. ಪೆಟ್ಟಿಗ್ಯಾಗ ಹಾಕಿ ಇಡ್ತೇನಿ. ಆದ್ರ ಒಮ್ಮೆ ನಮ್ಮ ಹಾಡ ಸರಿಯಾಗಿ ರೆಕಾರ್ಡ್ ಮಾಡೂಣು. ನಾ ಬಾರ್ಸಿದ್ದು ನನಗ ಇನ್ನೂ ಕೇಳಸ್ತಿರೂದ್ರಾಗ."

ನಾನು ತಲೆಯಾಡಿಸಿದೆ. ನನಗೆ ದನಿ ಎತ್ತುವಂತಿರಲಿಲ್ಲ. ಕಂಠದಲ್ಲಿ ಗಂಟುಗಳಾಗಿ, ತರಗತಿಯ ಕೊನೆಯ ಬೆಂಚಿಗೆ ನನ್ನ ಮಾತು ತಲುಪದಂತಾದ ಮೇಲೆಯೇ ನಾನು ಕೆಲಸ ಬಿಟ್ಟದ್ದು. ಜೋರಾಗಿ ಮಾತಾಡಬಾರದೆಂದು ನನಗೆ ವೈದ್ಯರ ಕಟ್ಟಪ್ಪಣೆ. ಜೋರಾಗಿ ಹೇಳದಿದ್ದರೆ ಅವರಿಗೆ ಕೇಳದು. ಸಂಜೆಯಾಗುವಷ್ಟರಲ್ಲಿ ಇಬ್ಬರೂ ದಣಿದಿರುತ್ತಿದ್ದೆವು. ದಣಿಯುವಂಥದ್ದನ್ನೇನೂ ಮಾಡಿರುತ್ತಿರಲಿಲ್ಲ, ಉಪ್ಪಿನ ಡಬ್ಬಿ ಎಲ್ಲಿದೆ, ಗ್ಯಾಸು ಯಾವಾಗ ಬರುತ್ತದೆ, ಇಷ್ಟೇ ಮಾತಾಡಿರುತ್ತಿದ್ದೆವು.

"ನಮ್ಮ ಹಾಡು" ಎಂದು ಅವರು ಅಂದದ್ದು ಅವರೂ ಅವರ ತಮ್ಮನೂ ಪ್ರಾಯದಲ್ಲಿ ಕಟ್ಟಿದ ಒಂದು ರಾಗವನ್ನು. ತಮ್ಮ ಈಗ ಹಳಿಯಾಳದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿಯಿಟ್ಟುಕೊಂಡಿದ್ದಾನೆ. ಎಲೆಕ್ಟ್ರಿಕ್ ಗಿಟಾರು ಅವನದು. ಆಗ ಇಬ್ಬರೂ ಕಾಲನಿಯ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡುಗಳನ್ನು ನುಡಿಸುತ್ತಿದ್ದರು. ಒಮ್ಮೆ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟದ್ದನ್ನು ನೋಡಿ ಬಂದು ಈ ರಾಗ ಕಟ್ಟಿದರಂತೆ. ಮೊದಲು ಬೇಸು ತನ್ನ ದಪ್ಪ ದನಿಯಲ್ಲಿ ಒಂದೇ ತಳದಲ್ಲಿ ಉರುಳುತ್ತದೆ. ಆಮೇಲೆ ಗಿಟಾರು ಮೇಲಿನಿಂದ ಒಡೆದುಕೊಂಡು ಬೀಳುತ್ತದೆ. ಕಾಲಿನಲ್ಲಿ ಒತ್ತುವ ಒಂದು ಪೆಡಲಿನಿಂದ ಅದರ ಧ್ವನಿಯನ್ನು ಹರಿದು, ಗಡಸು ಮಾಡಿ, ಗೋಡೆ ಅದುರುವಂತೆ ಮಾಡುತ್ತಾನೆ ಮೈದುನ. ಸಾಹಿತ್ಯವಿಲ್ಲದ್ದನ್ನು ಹಾಡು ಎನ್ನಲಾಗದೆಂದು ಮದುವೆಯಾದ ಹೊಸತರಲ್ಲೇ ತಿದ್ದಿದ್ದೆ. ಇಬ್ಬರೂ ಇಂದಿಗೂ ಹಾಡೆಂದೇ ಅನ್ನುತ್ತಾರೆ.

ಒಳ್ಳೆಯ ಮೈಕು ನಮ್ಮಲ್ಲಿರಲಿಲ್ಲ. ಕಾಲನಿಯ ಭಜನಾ ಮಂಡಳಿಯಲ್ಲಿತ್ತು. ಕೇಳಲು ಹೋದವಳು ನಾನೇ. ಮಂಡಳಿಯ ಹಿರಿಯರು ಮೈಕನ್ನು ದೇವರ ಕೋಣೆಯಿಂದ ತಂದರು. ಅದರ ಜಾಲರಿಯ ಮೇಲೆ ಆಯುಧಪೂಜೆಯ ವಿಭೂತಿಯ ಪಟ್ಟೆಗಳು ಇನ್ನೂ ಇದ್ದವು.

"ಇದರಾಗ ಏನ್ ಹಾಡ್ತೀರಿ, ಅಕ್ಕೋರ?"

"ಹಾಡೂದಿಲ್ರಿ. ಗಿಟಾರಿನ ಸ್ಪೀಕರ್ ಮುಂದ ಇಡ್ತೇವಿ."

ಹಿರಿಯರು ಮೈಕನ್ನು ಎದೆಗೆ ಸ್ವಲ್ಪ ಹತ್ತಿರ ಮಾಡಿಕೊಂಡರು. "ಶಿವನಾಮ ಕೇಳಿ ಬೆಳದ ಮೈಕ್ ಐತ್ರಿ ಇದು. ಬೈಗಳದ ಹಾಡೇನ ಅಲ್ಲ, ಹೌದಿಲ್ಲೋ? ನನ್ನ ಮೊಮ್ಮಗ ಕೇಳ್ತಾನ, ಬರೇ ಒದರೂದು, ಹರಕೊಳ್ಳೂದು."

"ಇದಕ್ಕ ಮಾತ ಇಲ್ರಿ ಕಾಕಾ."

"ಮಾತ ಇಲ್ಲ? ಹಂಗಾರ ಒಯ್ರಿ. ಮಾತ ಇಲ್ಲಂದ್ರ ಪಾಪಾನೂ ಇಲ್ಲ. ಸೋಮವಾರ ಸಂಜಿ ಭಜನಿಗೆ ಮಾತ್ರ ಬೇಕ ಬೇಕು."

ಹೀಗೆ ನಮ್ಮ ಪಾಲಿಗೆ ಒಂದು ಭಾನುವಾರ ಸಿಕ್ಕಿತು.

ಮೈದುನ ಬೆಳಿಗ್ಗೆಯೇ ಬೈಕಿನಲ್ಲಿ ಬಂದ. ಮೈಕು ಒಂದೇ ಆದ್ದರಿಂದ ಮೊದಲು ಬೇಸು, ಆಮೇಲೆ ಅದರ ಮೇಲೆ ಗಿಟಾರು ಎಂದು ನಾನು ಕ್ರಮ ನಿಗದಿ ಮಾಡಿದೆ. ಬೇಸಿನ ದೊಡ್ಡ ಸ್ಪೀಕರನ್ನು ಮಲಗುವ ಕೋಣೆಯಲ್ಲಿಟ್ಟು, ಸುತ್ತ ಗಾದಿಗಳನ್ನು ನಿಲ್ಲಿಸಿ, ಬಾಗಿಲು ಹಾಕುವುದು. ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಕುಳಿತು ನುಡಿಸುವುದು. ತಮ್ಮ ತನ್ನ ಪುಟ್ಟ ಸ್ಪೀಕರಿನಲ್ಲಿ, ಅಣ್ಣನಿಗೆ ದಾರಿ ತಿಳಿಯಲೆಂದು ಮಾತ್ರ, ಮೆಲ್ಲಗೆ ಗಿಟಾರು ನುಡಿಸುತ್ತಿರುವುದು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ದಾಖಲಿಸುವುದು.

ಮೈಕನ್ನು ಎಲ್ಲಿ ಇಡಬೇಕೆಂಬುದಕ್ಕೇ ಬೆಳಗಿನ ಬಹುಪಾಲು ಹೋಯಿತು. ಸ್ಪೀಕರಿನೊಳಗಿರುವುದು ಕಾಗದದ ಒಂದು ಬಟ್ಟಲು. ಮೈಕು ಅದರ ನಡುವಿಗೆ ನೇರವಾಗಿ ಮುಖಮಾಡಿದರೆ ಧ್ವನಿ ಚೂಪಾಗುತ್ತದೆ, ತಂತಿಯ ಮೇಲೆ ಬೆರಳು ಉಜ್ಜಿದ್ದೂ ಕೇಳುತ್ತದೆ. ಅಂಚಿಗೆ ಸರಿದರೆ ಮಂಕಾಗಿ ಕಂಬಳಿ ಹೊದ್ದಂತಾಗುತ್ತದೆ. ಯಜಮಾನರು ಸ್ಥಾನವನ್ನು ತಾವೇ ಆರಿಸುವುದಾಗಿ ಹೇಳಿ ಮತ್ತೆಮತ್ತೆ ನಡುವಿಗೇ ಒಯ್ದರು. ಅವರಿಗೆ ಚೂಪು ಕೇಳುತ್ತಿರಲಿಲ್ಲ. ಎಷ್ಟು ಸರಿಸಿದರೂ ಇನ್ನೂ ಮಂಕೇ. ಕಡೆಗೆ ಮೈಕನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಿವಿಗೆ ಬಿಟ್ಟೆ" ಎಂದರು. ಮಂಚದ ಮೇಲೆ ಕುಳಿತು, ನಾನು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕುವುದನ್ನು ನೋಡುತ್ತಿದ್ದರು. ಆ ಕೆಲಸವನ್ನು ಅವರು ಇನ್ನಾರಿಗೂ ಬಿಟ್ಟವರಲ್ಲ.

ಆಮೇಲೆ ಮನೆಯೇ ಮಾತಾಡತೊಡಗಿತು. ದಪ್ಪ ತಂತಿ ಮಿಡಿದೊಡನೆ ಅಡುಗೆಮನೆಯ ಶೆಲ್ಫಿನ ಸ್ಟೀಲಿನ ಭಾಂಡಿಗಳೆಲ್ಲ ಕಿಣಿಕಿಣಿ ಎಂದವು. ತಾಟುಗಳ ನಡುವೆ ಅರಿವೆ ತುರುಕಿದೆ. ಕಿಟಕಿಯ ಚಿಲಕ ಗುಂಯ್‌ಗುಟ್ಟಿತು. ಅದಕ್ಕೆ ಕಾಗದದ ಮಡಿಕೆ ಸಿಕ್ಕಿಸಿದೆ. ಟ್ರಂಕಿನ ಕೊಂಡಿಗೆ ಹಳೆಯ ಸೀರೆಯ ಸೆರಗು ಕಟ್ಟಿದೆ. ಯಜಮಾನರಿಗೆ ಇದಾವುದೂ ಕೇಳುತ್ತಿರಲಿಲ್ಲವಾದ್ದರಿಂದ, ಪ್ರತಿ ಸಲವೂ ಅವರನ್ನು ನಡುವೆ ನಿಲ್ಲಿಸಿ ನಾನು ಮನೆ ಹುಡುಕುತ್ತಿದ್ದರೆ, ಕಳೆದುಹೋದ ಏನನ್ನೋ ಹುಡುಕುತ್ತಿರುವವಳನ್ನು ನೋಡುವಂತೆ ನೋಡುತ್ತಿದ್ದರು.

ಇನ್ನು ಆರಂಭದ ಸೂಚನೆ. ನಾಲ್ಕರವರೆಗೆ ಎಣಿಸುವ ಮೈದುನನ ದನಿ ಅಣ್ಣನಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಹಾಗಾಗಿ ನಾನೇ ಅಡುಗೆಮನೆಯ ಬಾಗಿಲಿನಿಂದ ಹೇಳುವುದೆಂದಾಯಿತು. ವಾದ್ಯಕ್ಕೆ ಸಲ್ಲುವ ಕ್ರಿಯಾಪದ 'ನುಡಿಸು' ಎಂಬ ನಿಶ್ಚಯದಿಂದ, ಗಂಟಲು ಸಹಿಸುವಷ್ಟು ಗಟ್ಟಿಯಾಗಿ, "ನುಡಿಸ್ರಿ!" ಎಂದೆ.

ಯಜಮಾನರು ಗಿಟಾರು ಕೆಳಗಿಟ್ಟು ಎದ್ದು ನಿಂತರು. "ಎಲ್ಲಿಗೆ?"

ಮೈದುನ ಹೊಟ್ಟೆ ಹಿಡಿದುಕೊಂಡ. "ವೈನಿ, ಅಣ್ಣಗ 'ನಡೀರಿ' ಅಂತ ಕೇಳ್ಸೇತ್ರಿ! ನಿಮ್ಮ ವ್ಯಾಕರಣ ಕೇಳಿದ್ರ ಅಂವ ಸೀದಾ ಊರ ಹೊರಗ ಕೋಗಿಲಬನ ಮುಟ್ಟತಾನ. ಅದರಾಗ ಸಕಾರ ಐತಲ್ರಿ, ಬ್ಯಾರೆ ಏನರ ಹೇಳ್ರಿ. 'ಹಾಕ್ರಿ' ಅನ್ರಿ. ಹಾಡ ಹಾಕ್ರಿ ಅನ್ನೂದಿಲ್ಲೇನು?"

'ಹಾಕು' ಸಲ್ಲುವುದು ಬೀಗಕ್ಕೆ, ಒಗ್ಗರಣೆಗೆ, ವಾದ್ಯಕ್ಕಲ್ಲ. ಆದರೂ ಒಪ್ಪಿದೆ. 'ಹಾಕ್ರಿ' ಎಂದರೆ ಅವರಿಗೆ ಬೆನ್ನ ಹಿಂದಿನಿಂದಲೂ ಕೇಳುತ್ತಿತ್ತು.

ಮಧ್ಯಾಹ್ನವಾಯಿತು. ಅವರು ನುಡಿಸುವರು, ನಾನು ನಿಲ್ಲಿಸುವೆನು. ಒಮ್ಮೆ ಕುಕ್ಕರಿನ ಸಿಳ್ಳು ಪಕ್ಕದ ಮನೆಯಿಂದ ಬಂತು. ಒಮ್ಮೆ ಮಿಲ್ಲಿನ ಭೋಂಗಾ ಕೂಗಿತು. ಒಮ್ಮೆ ಕರೆಂಟು ಇಳಿದು ಸ್ಪೀಕರು ಮಡಕೆಯಲ್ಲಿ ಸಿಕ್ಕ ದುಂಬಿಯಂತೆ ಗುಂಯ್‌ಗುಟ್ಟಿತು. ಇವಕ್ಕಿಂತ ಹೆಚ್ಚು ಸಲ ನಾನೇ ತಪ್ಪು ಹಿಡಿದು ನಿಲ್ಲಿಸಿದ್ದೆ: ಇಲ್ಲಿ ಒಂದು ಸ್ವರ ಮೊದಲೇ ಬಂತು, ಇಲ್ಲಿ ತಂತಿ ಪೂರ್ತಿ ಒತ್ತಲಿಲ್ಲ. ಯಜಮಾನರು ತಪ್ಪನ್ನು ಒಪ್ಪಿ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು. ಒಮ್ಮೆಯೂ ಕೊನೆ ಮುಟ್ಟಲಿಲ್ಲ. ಬೆರಳ ತುದಿ ಕೆಂಪಾಗಿತ್ತು. ತಮ್ಮನ ಗಿಟಾರಿನತ್ತ ಕಿವಿ ವಾಲಿಸಿ ವಾಲಿಸಿ ಅವರ ಕುತ್ತಿಗೆ ಒಂದು ಕಡೆಗೆ ಬಾಗಿತ್ತು.

"ವೈನಿ," ಎಂದ ಮೈದುನ, "ಇದು ಎಸ್ಸೆಸ್ಸೆಲ್ಸಿ ಪೇಪರ್ ಅಲ್ರಿ. ಒಮ್ಮೆ ಕಡೀತನಕ ಹೋಗ್ಲಿ ಬಿಡ್ರಿ. ಆಮ್ಯಾಲೆ ಕೆಂಪು ಶಾಯಿ ಹೊಡೀರಿ."

"ತಪ್ಪಿದ್ದದ್ದು ಉಳದ್ರ ಕಾಯಂ ಅದ ಉಳೀತೈತಿ" ಎಂದೆ. "ಮತ್ತೊಮ್ಮೆ ಬಾರ್ಸೂದು ಆಗೂದಿಲ್ಲಲ್ಲ, ಅದಕ್ಕ."

"ಅದಕ್ಕ ಅಂತನ ನಾನೂ ಹೇಳೂದು" ಎಂದು ಅವನು ಮುಖ ತಿರುಗಿಸಿದ.

ಯಜಮಾನರು ನಮ್ಮಿಬ್ಬರ ತುಟಿಗಳನ್ನೂ ಸರದಿಯಂತೆ ನೋಡಿದರು. ಮತ್ತೊಮ್ಮೆ ಆರಂಭಿಸಿದರು, ಅರ್ಧದಲ್ಲಿ ಬೆರಳು ಜಾರಿ ತಾವೇ ನಿಂತರು. ಕೂಗಿ ಕೂಗಿ ನನ್ನ ಗಂಟಲು ಉರಿಯುತ್ತಿತ್ತು. ಈ ಮನುಷ್ಯನಿಗೆ ಉಳಿದಿರುವ ಸ್ವಲ್ಪ ಕಿವಿಯನ್ನೂ ಈ ಕೋಣೆಯೊಳಗೇ ಖರ್ಚುಮಾಡುತ್ತಿದ್ದೇವಲ್ಲ ಎನ್ನಿಸಿತು. ಬಾಗಿಲಿನ ಕಡೆಗೆ ತಿರುಗಲೂ ಆಗದೆ, ಲ್ಯಾಪ್‌ಟಾಪಿನ ಕಡೆಗೇ ಮುಖ ಮಾಡಿ, ಗಟ್ಟಿಯಾಗಿ ಅಂದುಬಿಟ್ಟೆ: "ಸಾಕ್ರಿ."

ಮೈದುನನೂ ಅದಕ್ಕೇ ಕಾದಿದ್ದವನಂತೆ ತನ್ನ ಸ್ಪೀಕರು ಬಂದ್ ಮಾಡಿ, ಗಿಟಾರನ್ನು ಪಡಸಾಲೆಯ ಕಾಟಿನ ಮೇಲೆ ಮಲಗಿಸಿ, ಕೇಬಲನ್ನು ಅಂಗೈಗೂ ಮೊಣಕೈಗೂ ಸುತ್ತತೊಡಗಿದ. ನಾನು ರೆಕಾರ್ಡಿಂಗ್ ನಿಲ್ಲಿಸಲೆಂದು ಬೆರಳು ಚಾಚಿದೆ. ಅಷ್ಟರಲ್ಲಿ ಹೆಡ್‌ಫೋನಿನೊಳಗೆ ಬೇಸು ಉರುಳತೊಡಗಿತು.

ತಿರುಗಿ ನೋಡಿದೆ. ಯಜಮಾನರು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. 'ಸಾಕ್ರಿ' ಎಂಬಲ್ಲಿ ಸಕಾರವನ್ನು ಕಳೆದರೆ ಉಳಿಯುವುದಿಷ್ಟೇ: 'ಆಕ್ರಿ'. ಮುಂಜಾನೆಯಿಂದ ನಾನು ಹೇಳುತ್ತ ಬಂದದ್ದು 'ಹಾಕ್ರಿ' ಎಂದೇ ಆದ್ದರಿಂದ ಅವರು ಅದನ್ನೇ ಕೇಳಿದ್ದರು. ತುಟಿ ಕಂಡಿದ್ದರೆ ತಿಳಿಯುತ್ತಿತ್ತು. ನಾನು ಬೆನ್ನು ತೋರಿಸಿದ್ದೆ.

ಮೈದುನ ನನ್ನನ್ನು ನೋಡಿದ. ಕೇಬಲಿನ ಸುರುಳಿ ಅವನ ಮೊಣಕೈಯಲ್ಲೇ ನಿಂತಿತ್ತು. ಈಗ ಬಿಚ್ಚಿ, ಚುಚ್ಚಿ, ನಡುವೆ ಸೇರಿಕೊಂಡರೆ ಸದ್ದಾಗುತ್ತದೆ. ನಾನು ಬೇಡವೆಂದು ಕೈಯಾಡಿಸಿದೆ. ಗಿಟಾರು ಒಡೆದುಕೊಂಡು ಬೀಳಬೇಕಾದ ಜಾಗ ಬಂತು. ಈಗ ನಿಲ್ಲಿಸುತ್ತಾರೆ, ತಮ್ಮನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ನಿಲ್ಲಿಸಲಿಲ್ಲ. ಆ ಜಾಗದಲ್ಲಿ ಯಾವಾಗಲೂ ಮಾಡುವಂತೆ ತಲೆಯನ್ನು ಒಮ್ಮೆ ಕೆಳಗೆ ಹಾಕಿ, ಗಿಟಾರಿಗೆ ದಾರಿ ಬಿಡುವಂತೆ ಕೈ ಹಗುರ ಮಾಡಿ, ಮುಂದೆ ಹೋದರು. ಇಲ್ಲದ ಗಿಟಾರು ಎಲ್ಲೆಲ್ಲಿ ಉಸಿರೆಳೆದುಕೊಳ್ಳಬೇಕೋ ಅಲ್ಲೆಲ್ಲ ಕಾದರು. ಪಡಸಾಲೆಯಲ್ಲಿ ಬೇಸಿನ ಗುಡುಗು ಬಾಗಿಲ ಹಿಂದಿನಿಂದ ಬರುತ್ತಿತ್ತು, ಅಷ್ಟೇ, ಬೇರೆ ಸದ್ದಿರಲಿಲ್ಲ. ನುಡಿಸುತ್ತ ನುಡಿಸುತ್ತ ಕೊನೆ ಮುಟ್ಟಿದರು.

ಕಣ್ಣು ತೆರೆಯುವ ಮೊದಲೇ ಅಂದರು: "ಈ ಸಲ ಛಲೋ ಕೂಡಿ ಬಂದಿ ನೋಡಪಾ. ಒಂಚೂರೂ ಓಡ್ಲಿಲ್ಲ ನೀ."

ಮೈದುನ ಕೇಬಲನ್ನು ಬೆನ್ನ ಹಿಂದೆ ಮಾಡಿದ. "ಹೂಂ ಅಣ್ಣ" ಎಂದ. ಅವನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಯಜಮಾನರು ಕಣ್ಣು ತೆರೆದರು. ತಮ್ಮ ನಿಂತಿದ್ದ. ಅವನ ಗಿಟಾರು ಕಾಟಿನ ಮೇಲೆ ಮಲಗಿತ್ತು. ಪುಟ್ಟ ಸ್ಪೀಕರಿನ ಕೆಂಪು ದೀಪ ಆರಿತ್ತು. ಎಲ್ಲವನ್ನೂ ಒಂದೊಂದಾಗಿ ನೋಡಿದರು. ನಾನು ಹೆಡ್‌ಫೋನು ತೆಗೆದು ಬಾಗಿಲಿಗೆ ಬಂದೆ, ಮುಖ ಕಾಣುವಂತೆ.

"ನೀ ಬಾರ್ಸೇ ಇಲ್ಲ" ಎಂದರು.

"ಇಲ್ಲಣ್ಣ. ವೈನಿ ಸಾಕಂದ್ರು, ನಾ ಬಂದ್ ಮಾಡಿದೆ."

"ಹಾಕ್ರಿ ಅಂದ್ಳಲ್ಲೋ."

ನಾನು ತುಟಿಯನ್ನು ಬಿಡಿಸಿ, ಸಕಾರವನ್ನು ಹಲ್ಲಿನ ಮೇಲೆ ತೋರಿಸಿ ಹೇಳಿದೆ. ಅವರು ನೋಡಿ ತಿಳಿದುಕೊಂಡರು. ಬೇಸಿನ ಕುತ್ತಿಗೆಯನ್ನು ಅಂಗಿಯ ತುದಿಯಿಂದ ಒರೆಸಿದರು; ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನನಗ ಕೇಳ್ತಿತ್ತು" ಎಂದರು. "ಅಂವ ಬಾರ್ಸಿದ್ದು ನನಗ ಕೇಳ್ತಿತ್ತು."

ಮೈದುನ ಕೇಬಲನ್ನು ನೆಲಕ್ಕೆ ಬಿಟ್ಟು ಅಣ್ಣನ ಪಕ್ಕ ಕುಳಿತ. ಮುಖಕ್ಕೆ ಮುಖ ತಂದು, ಬಾಯಿ ಅಗಲಿಸಿ ಹೇಳಿದ: "ಅಲ್ಲೋ ಅಣ್ಣ, ಇದ ಮದ್ಲ ಹೇಳಬಾರದ? ಇಷ್ಟ ವರ್ಷ ಸುಮ್ನ ಬೆರಳ ಹರಕೊಂಡ್ನಿ. ನಾ ಬಾರ್ಸದಿದ್ರನ ಛಲೋ ಬಾರಸ್ತೇನಿ ಅಂದಂಗಾತು."

ಯಜಮಾನರು ನಕ್ಕರು. ಪೂರ್ತಿ ನಗಲಿಲ್ಲ, ಆದರೂ ನಕ್ಕರು. ಆಮೇಲೆ ನನ್ನ ಕಡೆ ನೋಡಿ, "ನೀ ನಿಲ್ಲಸ್ಲಿಲ್ಲ" ಎಂದರು. "ತಪ್ಪ ಇದ್ದಿದ್ದಿಲ್ಲೇನು?"

ಇತ್ತು. ನಡುವೆ ಒಂದು ಕಡೆ, ಗಿಟಾರು ಇಳಿದು ಬರುವಲ್ಲಿ, ಬೇಸು ಕಾಲು ಮಾತ್ರೆಯಷ್ಟು ತಡವಾಗಿತ್ತು. ಇಲ್ಲವೆಂದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ನನ್ನ ಕಿವಿಗೆ ಬಿಟ್ಟೆನೆಂದು ಮೈಕು ಕೊಟ್ಟವರಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಒಂದ ಕಡೆ ತಡ ಆಗೇತಿ" ಎಂದೆ. ಎಲ್ಲಿ ಎಂದು ಅವರು ಕೇಳಿದರು. ಅವರ ಮಂಡಿಯ ಮೇಲೆ ಬೆರಳಿನಿಂದ ತಾಳ ಬಡಿದು ತೋರಿಸಿದೆ.

"ಹೌದು" ಎಂದರು. "ಅಲ್ಲೆ ಅವನ ಸಲುವಾಗಿ ಕಾದೆ. ಅಂವ ಎಲ್ಲಾ ಕಡೆ ಓಡಿದ್ರೂ ಅಲ್ಲೆ ಮಾತ್ರ ಯಾವಾಗ್ಲೂ ತಡ ಮಾಡ್ತಾನ."

"ಮಾಡ್ತೇನಿ" ಎಂದ ಮೈದುನ, ತಲೆ ತಗ್ಗಿಸಿ.

"ಇನ್ನೊಮ್ಮೆ ಹಾಕೂಣೇನು?" ಎಂದು ನಾನು ಕೇಳಿದೆ. ಆ ಕ್ರಿಯಾಪದವನ್ನೇ ಬಳಸಿದ್ದು ಆಮೇಲೆ ಗಮನಕ್ಕೆ ಬಂತು.

ಅವರು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡರು. "ಬ್ಯಾಡ. ಇದ ಇರ್ಲಿ. ಈಗ ಅವನ್ನ ಇದರ ಮ್ಯಾಲೆ ಬಾರ್ಸಾಕ ಹೇಳು. ನಾ ಕಾದಲ್ಲಿ ಕಾಯ್ಲಿ."

ಬೇಸನ್ನು ಅವರೇ ಪೆಟ್ಟಿಗೆಯಲ್ಲಿ ಮಲಗಿಸಿದರು. ತಂತಿಗಳನ್ನು ಸಡಿಲ ಮಾಡಿದರು. ಬಹಳ ದಿನ ಮುಟ್ಟದ ವಾದ್ಯಕ್ಕೆ ಹಾಗೆ ಮಾಡಬೇಕಂತೆ. ನಾವಿಬ್ಬರೂ ಸಹಾಯಕ್ಕೆ ಹೋಗಲಿಲ್ಲ.

ಮೈಕನ್ನು ಗಿಟಾರಿನ ಸ್ಪೀಕರಿಗೆ ತಿರುಗಿಸಿದೆ. ಮೈದುನ ಹೆಡ್‌ಫೋನಿನಲ್ಲಿ ಅಣ್ಣನ ಬೇಸು ಕೇಳುತ್ತ, ಪೆಡಲು ಒತ್ತಿ, ಆ ಹರಿದ ಗಡಸು ಧ್ವನಿಯನ್ನು ಮನೆಯ ತುಂಬ ಬಿಟ್ಟ. ಯಾವಾಗಲೂ ಮುಂದೆ ಓಡುವವನು ಈ ಸಲ ಹಿಂದೆ ಹಿಂದೆ ಬಂದ. ಅಣ್ಣ ಹಗುರ ಮಾಡಿದಲ್ಲಿ ಇಳಿದ, ಕಾದಲ್ಲಿ ಕಾದ. ಕಾಲು ಮಾತ್ರೆ ತಡವಾದಲ್ಲಿ ತಾನೂ ಅಷ್ಟೇ ತಡಮಾಡಿದ. ಎರಡೂ ಕೂಡಿದಾಗ ಅಲ್ಲಿ ತಪ್ಪೇ ಇರಲಿಲ್ಲ. ಒಂದೇ ಸಲಕ್ಕೆ ಮುಗಿಯಿತು.

ಹೆಡ್‌ಫೋನನ್ನು ಯಜಮಾನರ ತಲೆಗೆ ಹಾಕಿ ಕೇಳಿಸಿದೆ. ಪೂರ್ತಿ ಕೇಳಿದರು. ತೆಗೆದು ನನಗೆ ಕೊಡುತ್ತ, "ನನ್ನದು ಬಂದೈತಿ" ಎಂದರು. "ಪೂರಾ ಬಂದೈತಿ, ಕೇಳ್ತು. ಅವಂದು ಗ್ವಾಡಿ ಆಚಿಂದ ಬಂದಂಗ ಐತಿ. ನೀ ಹೇಳು, ಹೆಂಗ ಐತಿ ಅವಂದು?"

ಮೈದುನ ಕೇಳದವನಂತೆ ಹೊರಗೆ ಕಟ್ಟೆಗೆ ಹೋಗಿ ಕುಳಿತ.

ನಾನು ಅವರೆದುರು ಸ್ಟೂಲು ಎಳೆದುಕೊಂಡು ಕುಳಿತೆ, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ. ಹೆಡ್‌ಫೋನು ನನ್ನ ಕಿವಿಗೆ ಹಾಕಿಕೊಂಡು ಹಾಡನ್ನು ಮೊದಲಿನಿಂದ ಬಿಟ್ಟೆ. ಭಾಷೆಯೇ ನನ್ನ ಉದ್ಯೋಗವಾಗಿತ್ತು. ಆದರೂ ಗಿಟಾರು ಒಡೆದು ಬೀಳುವ ಜಾಗಕ್ಕೆ ಸಕಾರವಿಲ್ಲದ ಒಂದು ಮಾತು ಹುಡುಕಲು ತಡಕಾಡಿದೆ. ಗಟ್ಟಿಯಾಗಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತುಟಿ ಮಾತ್ರ ಆಡಿಸುತ್ತ ಹೋದೆ: ಈಗ ಬಂತು. ಈಗ ಕೆಳಗೆ ಬಿತ್ತು. ಈಗ ನಿಮ್ಮ ಬೆನ್ನ ಹಿಂದ ನಡಕೊಂತ ಬರಾಕತ್ತೈತಿ. ಅವರು ನನ್ನ ಬಾಯಿಯ ಮೇಲಿಂದ ಕಣ್ಣು ತೆಗೆಯದೆ, ಹಾಡು ಮುಗಿಯುವವರೆಗೂ ಕುಳಿತಿದ್ದರು.